ಹೇಳಿದ್ದೇನೆ ಎಂದಿದ್ದಳು ಆಯಿ

ಮೊದಲು ಬಂದದ್ದು ಬಾಯಾರಿಕೆ. ತಂಬಿಗೆಗಟ್ಟಲೆ ನೀರು ಕುಡಿದರೂ ನಾಲಿಗೆ ಒಣಗುತ್ತಿತ್ತು. ಆಮೇಲೆ ವಾಂತಿ.

ಮದುವೆಯಾಗಿ ಮೂರು ತಿಂಗಳಾದ ಸೊಸೆ ವಾಂತಿ ಮಾಡಿಕೊಂಡರೆ ಸಿದ್ದಾಪುರದಲ್ಲಿ ಇನ್ನೇನು ಅಂದುಕೊಳ್ಳುತ್ತಾರೆ? ಅತ್ತೆಯ ಮುಖ ಅರಳಿತು. ಮಾವಿನಕಾಯಿಯ ಅಪ್ಪೆಹುಳಿ ಮಾಡಿಕೊಟ್ಟರು. ಅದನ್ನೂ ಕಕ್ಕಿದೆ.

ಬಸಿರಲ್ಲ ಎಂದು ನನಗೆ ಗೊತ್ತಿತ್ತು. ಹದಿಮೂರನೇ ವಯಸ್ಸಿನಿಂದ ನನಗೆ ಟೈಪ್ ಒನ್ ಡಯಾಬಿಟಿಸ್. ನೆಂಟರ ಮದುವೆಮನೆಯಲ್ಲಿ ಮೂರು ದಿನ ಚಿಲಕ ಹಾಕಿಕೊಳ್ಳಲು ಒಂದು ಕೋಣೆ ಸಿಗದೆ ಇನ್ಸುಲಿನ್ ತಪ್ಪಿಸಿದ್ದೆ. ಮನೆಗೆ ಬಂದ ಮೇಲೂ, ಊಟವೇ ಇಲ್ಲ, ಇಂಜೆಕ್ಷನ್ ಯಾಕೆ ಎಂದು ಸುಮ್ಮನಿದ್ದೆ. ಅದು ನನ್ನ ಮೂರ್ಖತನ.

ಕದ್ದು ಚುಚ್ಚಿಕೊಳ್ಳಬೇಕೆಂಬುದು ಮಾತ್ರ ನನ್ನ ತಾಯಿಯ, ನಮ್ಮ ಆಯಿಯ, ಅಪ್ಪಣೆ. ಹುಡುಗನಿಗೆ ಎಲ್ಲ ಹೇಳಿದ್ದೇನೆ, ಅವನ ತಾಯಿಗೆ ತಿಳಿಯುವುದು ಬೇಡ ಎಂದು ಯಲ್ಲಾಪುರದಿಂದ ಕಳಿಸುವಾಗ ಹೇಳಿದ್ದಳು. ಗಂಡ ಒಮ್ಮೆಯೂ ಆ ಮಾತು ಎತ್ತಲಿಲ್ಲ, ನಾಚಿಕೆಯಿಂದ ನಾನೂ ಅವರೆದುರು ಚುಚ್ಚಿಕೊಳ್ಳುತ್ತಿರಲಿಲ್ಲ. ಎಷ್ಟು ಒಳ್ಳೆಯವರು ಎಂದುಕೊಂಡಿದ್ದೆ.

ವಾಂತಿಯಾದ ಆ ದಿನವೇ ಮಧ್ಯಾಹ್ನ ಏದುಸಿರು ಹತ್ತಿತು. ಕಾರಿನಲ್ಲಿ ಶಿರಸಿಗೆ ಒಯ್ದರು. ನನ್ನ ಉಸಿರಿನಲ್ಲಿ ಕಳಿತ ಹಣ್ಣಿನ ವಾಸನೆ ಬರುತ್ತಿತ್ತಂತೆ. ಶುಗರ್ ಎಷ್ಟು ವರ್ಷದಿಂದ ಎಂದು ಡಾಕ್ಟರು ಗಂಡನನ್ನು ಕೇಳಿದರು.

"ಶುಗರ್ರಾ? ಇವಳಿಗೆ ಎಂತ ಕಾಯಿಲೆನೂ ಇಲ್ಲ ಡಾಕ್ಟ್ರೇ. ಬಸುರಿ ಇರಬೇಕು."

ಅವರಿಗೆ ಗೊತ್ತೇ ಇರಲಿಲ್ಲ.

ಐಸಿಯು. ಸಲೈನ್, ಇನ್ಸುಲಿನ್ ಡ್ರಿಪ್, ಗಂಟೆಗೊಮ್ಮೆ ಬೆರಳಿಗೆ ಸೂಜಿ. ಡಯಾಬಿಟಿಕ್ ಕೀಟೋಅಸಿಡೋಸಿಸ್ ಎಂದರು. ಇನ್ಸುಲಿನ್ ಇಲ್ಲದಿದ್ದರೆ ರಕ್ತದ ತುಂಬ ಸಕ್ಕರೆಯಿದ್ದರೂ ಜೀವಕೋಶಗಳಿಗೆ ಸಿಗುವುದಿಲ್ಲ. ಹಸಿದ ಮೈ ತನ್ನದೇ ಕೊಬ್ಬನ್ನು ಸುಡುತ್ತದೆ, ಅದರಿಂದ ಹುಟ್ಟುವ ಕೀಟೋನುಗಳು ರಕ್ತವನ್ನು ಆಮ್ಲವಾಗಿಸುತ್ತವೆ. ಮಿಕ್ಕಿದ ಸಕ್ಕರೆ ಮೈಯ ನೀರನ್ನೆಲ್ಲ ಮೂತ್ರದಲ್ಲಿ ಎಳೆದೊಯ್ಯುತ್ತದೆ. ಆ ಏದುಸಿರು ಆಮ್ಲವನ್ನು ಹೊರಹಾಕಲು ಮೈ ಪಡುವ ಪಾಡು. ಇನ್ನಷ್ಟು ತಡವಾಗಿದ್ದರೆ ಕೋಮಾ ಎಂದರು.

ಮಾರನೇ ದಿನ ಆಯಿ ಬಂದಳು. ಯಾಕೆ ಸುಳ್ಳು ಹೇಳಿದೆ ಎಂದು ಕೇಳಿದೆ.

"ಹೇಳಿದ್ರೆ ನಿನ್ನ ಮದ್ವೆ ಆಗ್ತಿತ್ತ ಕೂಸೆ?"

ಅಳುತ್ತಿದ್ದಳು. ನನಗೆ ಅಯ್ಯೋ ಅನಿಸಲಿಲ್ಲ, ಮೈಯೆಲ್ಲ ಉರಿಯಿತು. ಹನ್ನೊಂದು ವರ್ಷ ನನ್ನ ಅನ್ನ ಅಳೆದು ಬಡಿಸಿದವಳು ಇವಳೇ. ಇವಳನ್ನು ನಂಬದೆ ಇನ್ಯಾರನ್ನು ನಂಬಬೇಕಿತ್ತು?

ಗಂಡ ಎರಡು ದಿನ ಔಷಧಿ ತಂದಿಟ್ಟು ಹೊರಗೆ ಹೋಗಿಬಿಡುತ್ತಿದ್ದರು. ಮೋಸ ಮಾಡಿದವಳು ನಾನೇ ಎಂದು ತಿಳಿದಿದ್ದರು. ನಿಮಗೆ ಗೊತ್ತಿದೆ ಎಂದೇ ನಾನು ನಂಬಿದ್ದೆ ಎಂದೆ. ಅವರು ನನ್ನ ಚೀಲ ಎತ್ತಿಕೊಂಡರು.

"ಮೊದ್ಲೇ ಗೊತ್ತಿದ್ರೆ ಮದ್ವೆ ಆಗ್ತಿದ್ನಾ? ಗೊತ್ತಿಲ್ಲೆ. ಈಗ ಮನೆಗೆ ಹೋಪನ ನಡಿ."

ಆ ಉತ್ತರ ಇನ್ನು ಯಾವತ್ತೂ ಸಿಗುವುದಿಲ್ಲ. ಆ ಪ್ರಶ್ನೆಯನ್ನು ಅವರ ಮುಂದಿಡುವುದಕ್ಕೇ ಆಯಿ ಬಿಡಲಿಲ್ಲ.

ಈಗ ಅಡುಗೆಮನೆಯಲ್ಲಿ, ಅತ್ತೆಯ ಎದುರಿಗೇ ಚುಚ್ಚಿಕೊಳ್ಳುತ್ತೇನೆ. ಅವರು ಮುಖ ತಿರುಗಿಸುತ್ತಾರೆ, ಆದರೆ ನಾನು ಮುಗಿಸುವವರೆಗೆ ಯಾರಿಗೂ ಅನ್ನ ಬಡಿಸದೆ ಕಾಯುತ್ತಾರೆ. ಬದುಕಿದ್ದೇನೆ, ಅದು ದೊಡ್ಡದು. ಆಯಿ ಫೋನ್ ಮಾಡಿದರೆ ಶುಗರ್ ಎಷ್ಟಿದೆ ಎಂದು ಹೇಳುತ್ತೇನೆ. ಬೇರೆ ಮಾತು ಇನ್ನೂ ಬರುತ್ತಿಲ್ಲ.