ಬಿಚ್ಚಿಕೊಂಡು ಹೋದ ಪೆಟ್ಟಿಗೆ

ಅವರ ಅಂಗಿಯ ಹೊಟ್ಟೆಯ ಭಾಗದಲ್ಲಿ ಬ್ಯಾಟರಿಯ ಆಸಿಡ್ ತಿಂದ ಸಣ್ಣ ಸಣ್ಣ ತೂತುಗಳಿದ್ದವು. ಹೊಸ ಅಂಗಿ ತೊಟ್ಟು ಬಂದರೂ ಸಂಜೆಯೊಳಗೆ ಎರಡಾದರೂ ಬಿದ್ದೇ ಬೀಳುತ್ತಿದ್ದವು. ಮಡಕಶಿರಾ ಕಡೆಯವರು, ಡಿ. ಹಿರೇಹಾಳ್ ಆಚೆಯ ನಮ್ಮ ಗುಡ್ಡದ ಹಟ್ಟಿಗೆ ಸೋಲಾರ್ ಕರೆಂಟು ತಂದ ಇಂಜಿನಿಯರ್ ಸಾಹೇಬರು. ದೊಡ್ಡ ಲೈನು ನಮ್ಮ ಗುಡ್ಡ ಹತ್ತಲೇ ಇಲ್ಲ. ಹಟ್ಟಿಯ ಗಂಡಸರೆಲ್ಲ ಬಳ್ಳಾರಿ ಕಡೆ ಕೂಲಿಗೆ ಹೋಗುವವರು. ಹಾಗಾಗಿ ಬ್ಯಾಟರಿ, ಇನ್ವರ್ಟರ್ ಇಟ್ಟಿದ್ದ ಮಿಷನ್ ರೂಮಿನ ಬೀಗದ ಕೈ ಏಳನೇ ಕ್ಲಾಸು ಓದಿದ ನನಗೆ ಬಂತು.

ಕಲಿಸುವ ರೀತಿಯೂ ಅವರದೇ. ಮೀಟರಿಗೆ ಅಡ್ಡ ನಿಂತು, ನನ್ನ ಕಣ್ಣು ಮುಚ್ಚಿಸಿ, ಹಿಟ್ಟಿನ ಗಿರಣಿ ಶುರುವಾಗುವ ಸದ್ದು ಕೇಳಿಸುತ್ತಿದ್ದರು. ಗಿರಣಿ ಮೊದಲ ಸುತ್ತಿಗೇ ಒಮ್ಮೆಲೇ ಕರೆಂಟು ಎಳೆಯುತ್ತದೆ. ಬ್ಯಾಟರಿಗಳು ಬೆಳಗಿನವರೆಗೆ ದೀಪ ಉರಿಸಬಲ್ಲವು, ಆ ಏಟು ಮಾತ್ರ ತಡೆಯಲಾರವು. ಅದನ್ನು ತಡೆಯಲೆಂದೇ ಪಕ್ಕದಲ್ಲಿ ಕೆಪ್ಯಾಸಿಟರ್ ಪೆಟ್ಟಿಗೆ ಇತ್ತು. "ಬಂಡಿ ಗುಂಡೀಲಿ ಸಿಕ್ಕಂಡ್ರೆ ಎತ್ತಿನ ಜೊತೆ ನಾಕ್ ಜನ ಹೆಗಲು ಕೊಡ್ತಾರಲ್ಲ, ಆ ಹೆಗಲು ಇದು ಕಣಮ್ಮ," ಎನ್ನುತ್ತಿದ್ದರು. ಗಿರಣಿ, ನೀರಿನ ಮೋಟಾರು ಎರಡನ್ನೂ ಒಟ್ಟಿಗೆ ಹಾಕಬಾರದೆಂದು ನೂರು ಸಲ ಹೇಳಿದ್ದರು. ನಾನು ಒಮ್ಮೆಯೂ ತಪ್ಪಿದವಳಲ್ಲ.

ಒಂದು ದಿನ ಆ ಪೆಟ್ಟಿಗೆ ಬಿಚ್ಚಿಸಿ ಜೀಪಿಗೆ ಹಾಕಿಸಿದರು. ರಿಪೇರಿಗೆ ಎಂದರು.

"ಅಲ್ಲೀತನ ಗಿರಣಿ ನಿಲ್ಲಿಸ್ಲೇನ್ರಿ ಸಾಹೇಬ್ರ?"

"ಯಾಕಮ್ಮ? ಬ್ಯಾಟ್ರಿನೇ ತಡೀತದೆ, ಓಡ್ಸು."

ಅವರ ಮಾತೆಂದರೆ ನನಗೆ ಎದುರಾಡುವ ಪ್ರಶ್ನೆಯೇ ಇರಲಿಲ್ಲ. ಮೂರನೆಯ ಬೆಳಿಗ್ಗೆ ಗಿರಣಿ ಹಾಕಿದೆ. ಸದ್ದು ಸರಿಯಿಲ್ಲವೆಂದು ಕಿವಿಗೆ ತಿಳಿಯಿತು. ಕೈ ಸ್ವಿಚ್ಚಿಗೆ ಹೋಗುವಷ್ಟರಲ್ಲಿ ಇನ್ವರ್ಟರ್ ಸುಟ್ಟುಹೋಗಿತ್ತು. ಹದಿನೈದು ದಿನ ಹೆಂಗಸರು ಹಳ್ಳದಿಂದ ನೀರು ಹೊತ್ತರು, ನನ್ನನ್ನು ಬಾಯಿಗೆ ಬಂದಂತೆ ಬೈದರು.

ಸಾಹೇಬರು ಬಂದ ದಿನ ಇಡೀ ಹಟ್ಟಿ ಕಟ್ಟೆಯ ಮುಂದೆ ಸೇರಿತ್ತು. ನಡೆದದ್ದನ್ನು ಅವರೇ ಹೇಳುತ್ತಾರಲ್ಲ ಎಂದು ನಾನು ನಿಶ್ಚಿಂತೆಯಾಗಿದ್ದೆ. ಅವರು ನೆಲ ನೋಡುತ್ತ, "ಗಿರಣಿ, ನೀರಿನ ಮೋಟ್ರು ಎರಡೂ ಒಟ್ಟಿಗೆ ಹಾಕಿರ್ಬೇಕು ಈಯಮ್ಮ," ಎಂದರು. ಹಿರಿಯರು ಅಲ್ಲೇ ಬೀಗದ ಕೈ ಇಸಿದುಕೊಂಡರು.

ಪೆಟ್ಟಿಗೆ ಮರಳಿ ತಂದ ಡ್ರೈವರ್ ನನ್ನ ಹತ್ತಿರ ಮಾತ್ರ ನಿಜ ಹೇಳಿದ. ಅಮರಾಪುರದ ಹತ್ತಿರ ಸಾಹೇಬರ ಇನ್ನೊಂದು ಸೋಲಾರ್ ರೂಮಿನ ಉದ್ಘಾಟನೆಯಿತ್ತಂತೆ. ಅಲ್ಲಿಯ ಪೆಟ್ಟಿಗೆ ಬಂದಿರಲಿಲ್ಲ, ದೊಡ್ಡವರ ಮುಂದೆ ತೋರಿಸಲು ನಮ್ಮದನ್ನು ಒಯ್ದಿದ್ದರು. "ನಾ ಹೇಳೀನಂತ ಯಾರಿಗೂ ಹೇಳಬ್ಯಾಡವ್ವ, ನನ್ನ ಕೆಲಸ ಹೋಗ್ತದ," ಎಂದು ಕೈಮುಗಿದ.

ಆಮೇಲೆ ನಾನು ರಾಯದುರ್ಗದ ಮೋಟಾರ್ ರಿಪೇರಿ ಅಂಗಡಿ ಸೇರಿದೆ. ಅವರು ಕಲಿಸಿದ ವಿದ್ಯೆಯೇ ಅನ್ನ ಹಾಕುತ್ತಿದೆ. ಅದನ್ನು ಒಪ್ಪಿಕೊಳ್ಳಲು ಹೊಟ್ಟೆ ಉರಿಯುತ್ತದೆ.

ಎರಡು ವರ್ಷದ ಮೇಲೆ ಅವರ ಫೋನು ಬಂತು. ದನಿ ಬಿದ್ದುಹೋಗಿತ್ತು. "ನಿಂದೇನೂ ತಪ್ಪಿರ್ಲಿಲ್ಲ ಕಣಮ್ಮ."

"ಅದು ನನಗ ಗೊತ್ತೈತ್ರಿ. ಹಟ್ಟಿ ಮಂದಿ ಮುಂದ ಹೇಳ್ರಿ."

"ಬತ್ತೀನಿ. ಸ್ವಲ್ಪ ಹುಷಾರಾಗ್ಲಿ, ಬತ್ತೀನಿ."

ಹೋದ ತಿಂಗಳು ತೀರಿಕೊಂಡರು. ಸುದ್ದಿ ಕೇಳಿ ನಾನು ಅತ್ತೆ, ಸುಳ್ಳು ಯಾಕೆ ಹೇಳಲಿ. ಹಟ್ಟಿಯವರಿಗೆ ಇವತ್ತಿಗೂ ಇನ್ವರ್ಟರ್ ಸುಟ್ಟವಳು ನಾನೇ. ಅವಳಲ್ಲ ಎಂದರೆ ಮಂದಿ ನಂಬುತ್ತಿದ್ದ ಒಂದೇ ಬಾಯಿ ಮಣ್ಣಾಯಿತು.