ಒಂದು ಪಿತ್ತಕೋಶ, ಎರಡು ಫೈಲು

ಬಡಾವಣೆಯವರೆಲ್ಲ ‘ಟೈಲರಕ್ಕ’ ಎಂದೇ ಕರೆಯುವ ಆಕೆಯ ಹೊಟ್ಟೆಯಲ್ಲಿ, ಇಲ್ಲದ ಅಂಗವೊಂದು ನೋಯುತ್ತಿತ್ತು. ಇಲ್ಲ ಎಂಬುದು ಆಸ್ಪತ್ರೆಯ ಕಂಪ್ಯೂಟರಿನ ಮಾತು. ಮೂರು ವರ್ಷದ ಹಿಂದೆಯೇ ಆಕೆಯ ಪಿತ್ತಕೋಶವನ್ನು ಇದೇ ಆಸ್ಪತ್ರೆಯಲ್ಲಿ ತೆಗೆಯಲಾಗಿದೆ, ವಿಮಾ ಕಂಪನಿ ಅದರ ಖರ್ಚನ್ನು ಭರಿಸಿದೆ ಎಂದು ಅದರಲ್ಲಿ ದಾಖಲಾಗಿತ್ತು. ಸ್ಕ್ಯಾನಿಂಗ್ ಚಿತ್ರದಲ್ಲಿ ಮಾತ್ರ ಅದೇ ಪಿತ್ತಕೋಶ ನಾಲ್ಕು ಕಲ್ಲುಗಳನ್ನು ಹೊತ್ತು ತನ್ನ ಜಾಗದಲ್ಲೇ ಕುಳಿತಿತ್ತು.

“ಕಿತ್ತರೂ ಚಿಗುರಿದೆ ನೋಡಿ ಅತ್ತಿಗೆ. ಹೊಲಿಗೆ ಬಿಟ್ಟು ಇದನ್ನೇ ಬೆಳೀಬಹುದು,” ಎಂದಳು ಜೊತೆಗೆ ಬಂದಿದ್ದ ನಾದಿನಿ.

ವೈದ್ಯೆ ನಗಲಿಲ್ಲ. ಶಸ್ತ್ರಚಿಕಿತ್ಸೆ ಎರಡು ತಿಂಗಳೊಳಗೆ ಆಗಲೇಬೇಕಿತ್ತು; ವಿಮೆಯಿಲ್ಲದೆ ಅದು ಟೈಲರಕ್ಕನ ಕೈಗೆ ಎಟುಕುವಂತಿರಲಿಲ್ಲ. ಅಂದು ಶಸ್ತ್ರಚಿಕಿತ್ಸೆಗೆ ಮಲಗಿದ್ದವಳು ಬೇರೆ ಹೆಂಗಸು ಎಂಬುದನ್ನು ಸ್ಕ್ಯಾನಿಂಗ್ ಸಾಬೀತುಪಡಿಸುತ್ತದೆ, ನಿಜ. ಆದರೆ ಆಕೆಗೆ ಗುರುತಿನ ಚೀಟಿಯನ್ನು ನೀವೇ ಎರವಲು ಕೊಡಲಿಲ್ಲ ಎಂಬುದಕ್ಕೆ ಆಧಾರವೇನು? ವಿಮಾ ಕಂಪನಿ ಕೇಳಿದ್ದು ಇದನ್ನು. ಪ್ರಶ್ನೆ ಕಟುವಾಗಿದ್ದರೂ ತರ್ಕದಲ್ಲಿ ತಪ್ಪಿರಲಿಲ್ಲ.

ಟೈಲರಕ್ಕ ಮೊದಲು ಪೊಲೀಸ್ ಠಾಣೆಯಲ್ಲಿ ದೂರು ಬರೆದುಕೊಟ್ಟಳು. ಸ್ವೀಕೃತಿ ಚೀಟಿ ಕೈಗೆ ಬರುವವರೆಗೂ ಬೆಂಚು ಬಿಟ್ಟು ಏಳಲಿಲ್ಲ. ಅದರ ಪ್ರತಿಯನ್ನಿಟ್ಟು, ಹಳೆಯ ಶಸ್ತ್ರಚಿಕಿತ್ಸೆ ತನ್ನದಲ್ಲವೆಂದು ವಿಮಾ ಕಂಪನಿಗೆ ತಕರಾರು ಪತ್ರ ಕಳಿಸಿದಳು. ಬಳಿಕ ಆ ಫೈಲಿನ ಪ್ರತಿ ಪಡೆದು ತಿದ್ದಿಸಲು ಆಸ್ಪತ್ರೆಯ ದಾಖಲೆ ಕೋಣೆಗೆ ಹೋದಳು.

ಗುಮಾಸ್ತ ಕನ್ನಡಕವನ್ನು ಹಣೆಗೇರಿಸಿದ. “ಫೈಲು ನಿಮ್ಮದಲ್ಲ ಅಂತೀರಿ. ಬೇರೆಯವರದ್ದಾದ್ರೆ ನಿಮಗೆ ತೋರಿಸೋ ಹಾಗಿಲ್ಲಮ್ಮ. ನಿಮ್ಮದೇ ಅಂದ್ರೆ, ತಿದ್ದೋಕೇನಿದೆ?”

“ಅದರ ಮೇಲೆ ಹೆಸರು ಯಾರದ್ದಿದೆ?”

“ನಿಮ್ಮದೇ.”

“ಹೆಸರು ಇರೋ ತನಕ ಫೈಲು ನನ್ನದು. ನನ್ನ ದಾಖಲೆ ಕೇಳೋ ಹಕ್ಕು ನನಗಿದೆ. ಆಗಲ್ಲ ಅಂದ್ರೆ, ಆಗಲ್ಲ ಅಂತ ಬರೆದು ಸಹಿ ಹಾಕಿಕೊಡಿ.”

ಸಹಿಯ ಮಾತು ಬಂದಕೂಡಲೇ ಗುಮಾಸ್ತ ಅರ್ಜಿ ತೆಗೆದುಕೊಂಡ. ಎಂಟನೆಯ ದಿನ ಪ್ರತಿ ಸಿಕ್ಕಿತು.

ಅದರ ಮೂರನೆಯ ಹಾಳೆ ಆಕೆಯ ಗುರುತಿನ ಚೀಟಿಯ ಜೆರಾಕ್ಸ್. ಬಲಗಡೆ ಕಪ್ಪು ಗೆರೆಯೊಂದು ವಿಳಾಸದ ಕೊನೆಯನ್ನು ನುಂಗುತ್ತ ಬಾಗಿ ಇಳಿದಿತ್ತು. ಅದು ಯಂತ್ರದ ಕೊಳೆ ಎಂದ ಗುಮಾಸ್ತ. ಟೈಲರಕ್ಕ ಚೀಲದಿಂದ ಟೇಪು ತೆಗೆದು ಅಳೆದಳು.

“ಕೊಳೆಯಲ್ಲ, ಕತ್ತರಿಸಿದ ಅಂಚಿನ ನೆರಳು. ಇದು ಮಗುವಿನ ಅಂಗಿಯ ತೋಳು. ನಾನೇ ಕತ್ತರಿಸಿದ್ದು.”

ಮಸಿ ಹೆಚ್ಚಾಗಿ ಕೆಟ್ಟ ಜೆರಾಕ್ಸ್ ಹಾಳೆಗಳನ್ನು, ತನ್ನ ಗುರುತಿನ ಚೀಟಿಯದ್ದನ್ನೂ, ಆಕೆ ಎಸೆಯುತ್ತಿರಲಿಲ್ಲ. ಹಿಂಬದಿಯಲ್ಲಿ ತೋಳು, ಕಾಲರುಗಳ ಆಕಾರ ಬರೆದು, ಕತ್ತರಿಸಿ, ಹೊಲಿಗೆ ಕಲಿಯಲು ಬಂದವರಿಗೆ ಮಾದರಿಯಾಗಿ ಕೊಡುತ್ತಿದ್ದಳು. ಎರಡು ಬಾರಿ ಅಳೆಯದೆ ಬಟ್ಟೆಗೆ ಕತ್ತರಿಯಿಡದವಳು, ಕಾಗದದ ಇನ್ನೊಂದು ಮುಖವನ್ನು ಒಮ್ಮೆಯೂ ತಿರುವಿ ನೋಡಿರಲಿಲ್ಲ.

ಆ ತಪ್ಪೇ ಈಗ ಆಧಾರವಾಯಿತು. ಚೀಟಿಯನ್ನೇ ಎರವಲು ಪಡೆದವಳು ಕತ್ತರಿಸಿದ ಕಾಗದವನ್ನೇಕೆ ತರುತ್ತಾಳೆ? ಮೂಲ ಚೀಟಿ ನೋಡದೆ ದಾಖಲಿಸಿಕೊಂಡವರು ಯಾರು? ನಾದಿನಿಯ ಹೊಲಿಗೆ ಡಬ್ಬದಲ್ಲಿ ಅದೇ ಅಳತೆಯ, ಹಿಂಬದಿಯಲ್ಲಿ ಅದೇ ಚೀಟಿಯಿದ್ದ ಇನ್ನೊಂದು ತೋಳು ಸಿಕ್ಕಿತು. ಅದನ್ನು ಠಾಣೆಗೆ ಒಪ್ಪಿಸಿ, ಅದರ ಚಿತ್ರವನ್ನಿಟ್ಟು ಆಸ್ಪತ್ರೆಗೂ ವಿಮಾ ಕಂಪನಿಗೂ ಬರೆದದ್ದಾಯಿತು.

ಯಾರ ಮೇಲೆ ಅನುಮಾನ ಎಂದು ಪೊಲೀಸರು ಕೇಳಿದರು. ಅನುಮಾನ ಗೊತ್ತಿಲ್ಲ, ಮಾದರಿ ಪಡೆದವರು ಗೊತ್ತು ಎಂದು ಆಕೆ ಹನ್ನೊಂದು ಹೆಸರು ಬರೆದಳು.

“ನನ್ನ ಹೆಸರೂನಾ ಅತ್ತಿಗೆ?”

“ನೀನೂ ಕಲಿತೆಯಲ್ಲ. ಹೊಲಿಯೋದು ಬರಲಿಲ್ಲ ಅಂತ ಬಿಡೋಕಾಗುತ್ತಾ?”

ಹನ್ನೊಂದರಲ್ಲಿ ಯಾರು, ಅಥವಾ ಅವರ ಮನೆಗೆ ಬಂದುಹೋದವರು ಯಾರು ಎಂಬುದು ಇನ್ನೂ ತಿಳಿದಿಲ್ಲ. ಆದರೆ ಇಪ್ಪತ್ತು ದಿನಗಳಲ್ಲಿ ವಿಮಾ ಕಂಪನಿ ಒಪ್ಪಿಗೆ ಕೊಟ್ಟಿತು. ಆಸ್ಪತ್ರೆ ಹಳೆಯ ಶಸ್ತ್ರಚಿಕಿತ್ಸೆಯನ್ನು ಬೇರೆ ಫೈಲಿಗೆ ಸರಿಸಿ, ಅದರ ಮೇಲೆ ‘ಅಪರಿಚಿತ ಮಹಿಳೆ’ ಎಂದು ಬರೆಯಿತು.

ತಿದ್ದಿದ ಪ್ರತಿಯನ್ನು ಗುಮಾಸ್ತ ಮುಂದಿಟ್ಟ. ಟೈಲರಕ್ಕ ಪ್ರತಿ ಸಾಲನ್ನೂ ಓದಿ ಸಹಿ ಹಾಕಿದಳು. ಪೆನ್ನು ಹಿಂದಿರುಗಿಸುವಾಗ ಕೇಳಿದಳು:

“ಆ ಹೆಂಗಸಿಗೆ ಆಮೇಲೆ ಗುಣ ಆಯ್ತಾ?”

“ಅದನ್ನ ಹೇಳೋ ಹಾಗಿಲ್ಲಮ್ಮ. ಈಗ ಅದು ನಿಮ್ಮ ಫೈಲಲ್ಲ.”