ಹರಿಹರಕ್ಕೆ ಹೋಗಿಬರುವ ಪ್ಲಗ್ಗು

ಗರಗಸದ ಬ್ಲೇಡ್ ಬದಲಿಸಬೇಕಾದಾಗ ಲೋಕದ ಬಡಗಿಗಳೆಲ್ಲ ಸ್ವಿಚ್ ಆರಿಸುತ್ತಾರೆ, ನಟ್ಟು ಬಿಚ್ಚುತ್ತಾರೆ, ಹಳೆಯದನ್ನು ತೆಗೆದು ಹೊಸದನ್ನು ಹಾಕುತ್ತಾರೆ. ನಮ್ಮ ಹಯಾತ್ ಸಾಬರು ಮಾತ್ರ ಮೊದಲು ಮಷಿನ್ನಿನ ವೈರಿನಿಂದ ಪ್ಲಗ್ಗನ್ನೇ ಬಿಚ್ಚಿ, ಹಳೇ ಪೇಪರಿನಲ್ಲಿ ಸುತ್ತಿ, ಹರಿಹರಕ್ಕೆ ಕಳುಹಿಸುತ್ತಿದ್ದರು. ಅದನ್ನು ಒಯ್ಯುವವಳು ನಾನು. ದಾವಣಗೆರೆಯ ಪಿ.ಜೆ. ಬಡಾವಣೆಯಿಂದ ಹರಿಹರದ ಹೈಸ್ಕೂಲಿಗೆ ದಿನಾ ಬಸ್ಸಿನಲ್ಲಿ ಹೋಗಿಬರುವ ಸಮಾಜ ವಿಜ್ಞಾನದ ಟೀಚರು. ಅವರ ಅಂಗಡಿ ನಮ್ಮ ಮನೆಯ ಹಿಂದಿನ ಗಲ್ಲಿಯಲ್ಲಿತ್ತು. ಅಷ್ಟು ಅರ್ಹತೆ ಸಾಕಾಯಿತು, ಸಂಬಳವಿಲ್ಲದ ಆ ನೌಕರಿ ನನಗೆ ಸಿಕ್ಕಿತು.

ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಮರ ಕೊಯ್ಯುವ ಇನ್ನೊಬ್ಬ ಬಡಗಿಯನ್ನು ನಾನು ಕಂಡಿಲ್ಲ. ಮಧ್ಯಾಹ್ನದ ಹೊತ್ತಿಗೆ ಆ ಅಂಗಿ ಹಿಟ್ಟಿನ ಗಿರಣಿಯವನ ಅಂಗಿಯಾಗಿರುತ್ತಿತ್ತು. ಆದರೂ ಮರುದಿನ ಮತ್ತೆ ಬಿಳಿಯದೇ. ಒಗೆಯುವುದು ಹೆಂಡತಿ ಬೀಬಿಜಾನ್ ಆದ್ದರಿಂದ ಸಾಬರಿಗೆ ಬಣ್ಣದ ಬಗ್ಗೆ ಚಿಂತೆಯಿರಲಿಲ್ಲ. ಗಿರಾಕಿಗಳ ಬಗ್ಗೆಯೂ ಅಷ್ಟೇ. ಮಗಳ ಮದುವೆಗೆ ಮಂಚ ಮಾಡಲು ಹೇಳಿದ್ದವರೊಬ್ಬರು ಬಂದು, "ಇನ್ನೂ ಎಷ್ಟು ದಿನ ಸಾಬ್ರೆ?" ಎಂದು ಗೋಗರೆದರೆ, "ನೆಲ ಗಟ್ಟಿ ಐತಲ್ರಿ, ಅಲ್ಲೀತನಕ ಅದರ ಮ್ಯಾಲೆ ಮಲಗ್ಲಿ" ಎನ್ನುತ್ತಿದ್ದರು. ಇಂಥ ನಯವಾದ ಮಾತಿಗೆ ಮರುಳಾಗಿಯೋ ಏನೋ, ಗಿರಾಕಿಗಳು ಬಿಟ್ಟುಹೋಗುತ್ತಿರಲಿಲ್ಲ.

ಪ್ಲಗ್ಗಿನ ವ್ಯವಹಾರ ಹೀಗೆ. ಮಷಿನ್ನಿನ ನಟ್ಟು ಬಿಚ್ಚುವ ಪಾನಾ, ಅಂದರೆ ಸ್ಪ್ಯಾನರ್, ಹರಿಹರದಲ್ಲಿದ್ದ ತಮ್ಮ ಬಾಷಾನ ಬಳಿ ಇತ್ತು. ಅಪ್ಪ ತೀರಿಕೊಂಡ ಮೇಲೆ ಹಿರಿಯರು ಕೂತು ಅಂಗಡಿಯನ್ನು ಪಾಲು ಮಾಡಿದ್ದರು. ಮಷಿನ್ ಅಣ್ಣನಿಗೆ, ಪಾನಾ ತಮ್ಮನಿಗೆ. ಎಂಥ ನ್ಯಾಯ ನೋಡಿ, ಎಮ್ಮೆ ಒಬ್ಬನಿಗೆ, ಅದರ ಕೆಚ್ಚಲು ಇನ್ನೊಬ್ಬನಿಗೆ ಕೊಟ್ಟ ಹಾಗೆ. ಅಣ್ಣತಮ್ಮಂದಿರಿಗೆ ಮಾತಿಲ್ಲ, ಮುಖ ನೋಡುವುದಿಲ್ಲ. ಆದರೆ ಬ್ಲೇಡಿನ ಹಲ್ಲು ಮೊಂಡಾದಾಗ ಪಾನಾ ಬೇಕಲ್ಲ. ಅದಕ್ಕೆ ಬಾಷಾ ಒಂದು ಷರತ್ತು ಇಟ್ಟಿದ್ದ. ಮಷಿನ್ನಿನ ಪ್ಲಗ್ ತನ್ನ ಕೈಗೆ ಬರಬೇಕು, ಆಮೇಲೆ ಪಾನಾ ಹೊರಡುತ್ತದೆ. ಪಾನಾ ವಾಪಸ್ ಬಂದ ಮೇಲೆ ಪ್ಲಗ್ ಹೊರಡುತ್ತದೆ. ಎರಡು ದೇಶಗಳು ಗಡಿಯಲ್ಲಿ ಕೈದಿಗಳನ್ನು ಬದಲಾಯಿಸಿಕೊಳ್ಳುವುದನ್ನು ನಾನು ಪಾಠ ಮಾಡಿದ್ದೆ. ಆದರೆ ಕೈದಿಗಳನ್ನು ವ್ಯಾನಿಟಿ ಬ್ಯಾಗಿನಲ್ಲಿ ಇಟ್ಟುಕೊಂಡು ಓಡಾಡುವ ಯೋಗ ಬರುತ್ತದೆ ಎಂದು ಎಣಿಸಿರಲಿಲ್ಲ.

ಆ ಪಾನಾ ಮೊಳದುದ್ದ. ಬ್ಯಾಗಿನಿಂದ ಅರ್ಧ ಹೊರಗೇ ಇರುತ್ತಿತ್ತು. ಹರಿಹರದ ಬಸ್ಸಿನ ಕಂಡಕ್ಟರ್ ಒಮ್ಮೆ ಅದನ್ನು ನೋಡಿ, "ಗಾಡಿ ಕೆಟ್ರೆ ನಾವು ಡಿಪೋಗೆ ಫೋನ್ ಮಾಡಲ್ಲ ಬಿಡ್ರಿ ಮೇಡಂ, ನೀವಿದ್ದೀರಲ್ಲ" ಎಂದ. ಇಡೀ ಬಸ್ಸು ನಕ್ಕಿತು. ನನ್ನ ವಿದ್ಯಾರ್ಥಿಗಳೂ ಅದೇ ಬಸ್ಸಿನಲ್ಲಿದ್ದರು. ಆ ವಾರ ತರಗತಿಯಲ್ಲಿ ನನ್ನ ಗೌರವ ಹೇಗಿತ್ತೆಂದು ಬೇರೆ ಹೇಳಬೇಕಿಲ್ಲ.

ಸಂಜೆ ನಾನು ಪಾನಾ ತಂದುಕೊಟ್ಟ ಕೂಡಲೇ ಸಾಬರು ಕೇಳುತ್ತಿದ್ದ ಮೊದಲ ಮಾತು, "ಏನಂದ?"

"ಏನೂ ಅನ್ಲಿಲ್ಲ ಸಾಬ್ರೆ."

"ಅವನಿಗೆ ಬಾಯಿ ಎಲ್ಲೈತೆ ಅನ್ನಾಕೆ. ಸಣ್ಣಗಾಗ್ಯಾನಾ?"

"ಇಲ್ಲ, ಹಾಗೇ ಇದ್ದಾರೆ."

"ಇರ್ತಾನೆ, ಅವನಿಗೇನು." ಇಷ್ಟು ಹೇಳಿ ನನ್ನ ಕಡೆ ಬೆನ್ನು ಹಾಕಿ ಕೆಲಸಕ್ಕೆ ಕೂರುತ್ತಿದ್ದರು. ಬ್ಲೇಡ್ ತಿರುಗದ ಹಾಗೆ ಒಂದು ಮರದ ತುಂಡು ಅಡ್ಡ ಇಟ್ಟು, ನಟ್ಟು ಬಿಚ್ಚಿ, ಧೂಳು ಒರೆಸಿ, ಹೊಸ ಬ್ಲೇಡನ್ನು ಹಲ್ಲು ತಾವು ಕೂತ ಕಡೆ ಮುಖ ಮಾಡುವಂತೆ ಕೂರಿಸಿ ಬಿಗಿಯುತ್ತಿದ್ದರು. ಟೀ ಆರುವಷ್ಟರಲ್ಲಿ ಮುಗಿಯುವ ಕೆಲಸ. ಅದಕ್ಕೆ ಮಷಿನ್ ಎರಡು ದಿನ ಸುಮ್ಮನೆ ನಿಲ್ಲುತ್ತಿತ್ತು, ಗಿರಾಕಿಗಳು ನೆಲದ ಮೇಲೆ ಮಲಗುತ್ತಿದ್ದರು.

ನನಗೂ ಒಂದು ದಿನ ತಲೆ ಕೆಟ್ಟಿತು. ಬಜಾರಿನಲ್ಲಿ ಒಂದು ಹೊಸ ಪ್ಲಗ್ ಕೊಂಡು ಅವರ ಮುಂದಿಟ್ಟೆ. "ಇದನ್ನು ಹಾಕ್ಕೊಳ್ಳಿ. ಪಾನಾನೂ ಒಂದು ಮಾಡಿಸಿಬಿಡಿ. ಹರಿಹರದಲ್ಲಿ ಲೇತ್ ಅಂಗಡಿಗಳಿಗೆ ಬರವೇ?" ಸಾಬರು ಪ್ಲಗ್ಗನ್ನು ತಿರುಗಿಸಿ ನೋಡಿ, "ಭಾಳ ಚೊಲೊ ಮಾಲು ತಂದೀರಿ ಟೀಚರಮ್ಮ" ಎಂದು ಮೆಚ್ಚಿ ಒಳಗೆ ಕೊಟ್ಟರು. ಮರುದಿನ ಅದು ಬೀಬಿಜಾನರ ಗ್ರೈಂಡರಿನ ವೈರಿಗೆ ಸೇರಿತ್ತು. ಅಂಗಡಿಯ ಪ್ಲಗ್ ಮಾತ್ರ ಮತ್ತೆ ಪೇಪರಿನಲ್ಲಿ ಸುತ್ತಿಕೊಂಡು ನನ್ನ ದಾರಿ ಕಾಯುತ್ತಿತ್ತು.

ಕಾರಣ ಹೇಳಿದವರು ಬೀಬಿಜಾನ್. ಹಿಂದೆ ಅಣ್ಣತಮ್ಮಂದಿರು ಒಟ್ಟಿಗೆ ದುಡಿಯುತ್ತಿದ್ದಾಗ, ಒಂದು ದಿನ ಕರೆಂಟ್ ಹೋಯಿತಂತೆ. ಸುಮ್ಮನೆ ಕೂರುವ ಬದಲು ಬ್ಲೇಡ್ ಬದಲಿಸಿಬಿಡೋಣ ಎಂದರಂತೆ. ನಮ್ಮೂರಿನ ಕಡೆ ಇದನ್ನು ಜಾಣತನ ಎನ್ನುತ್ತಾರೆ. ಕರೆಂಟೇ ಇಲ್ಲದ ಮೇಲೆ ಪ್ಲಗ್ ಕೀಳುವುದು ಯಾಕೆ? ಬಾಷಾ ಬ್ಲೇಡಿಗೆ ಕೈ ಹಾಕಿದ್ದಾಗ ಕರೆಂಟ್ ಬಂತು. ಉಂಗುರದ ಬೆರಳು ಅರ್ಧ ಹೋಯಿತು. ಸ್ವಿಚ್ ಆರಿಸಿದ್ದೆ, ಇವನೇ ಕೈ ತಗುಲಿಸಿ ಆನ್ ಮಾಡಿರಬೇಕು ಎಂದು ಅಣ್ಣ. ಆರಿಸಿಯೇ ಇರಲಿಲ್ಲ ಎಂದು ತಮ್ಮ. ಅಲ್ಲಿಗೆ ಮಾತು ನಿಂತಿತು. ಪಾಲಿನ ದಿನ ಬಾಷಾ ಬೇರೆ ಏನೂ ಕೇಳಲಿಲ್ಲವಂತೆ. "ಮಷಿನ್ ಅವನೇ ಇಟ್ಕಳ್ಲಿ. ಪಾನಾ ನನಗೆ ಕೊಡ್ರಿ. ಪ್ಲಗ್ಗು ನನ್ನ ಕೈಗೆ ಬರ್ದೆ, ನನಗೆ ಗೊತ್ತಿಲ್ದಂಗೆ ಅವನು ಬ್ಲೇಡಿಗೆ ಕೈ ಹಾಕಬಾರ್ದು" ಎಂದನಂತೆ. ಇದನ್ನು ಕೇಳಿದ ಮೇಲೆ ಬಸ್ಸಿನಲ್ಲಿ ಆ ಪಾನಾವನ್ನು ನಾಚಿಕೆಯಿಲ್ಲದೆ ತೊಡೆಯ ಮೇಲಿಟ್ಟುಕೊಂಡೇ ಕೂರತೊಡಗಿದೆ.

ಎರಡು ವರ್ಷದ ಹಿಂದೆ, ಪಾನಾ ದಾವಣಗೆರೆಯಲ್ಲಿದ್ದು ಶಾಲೆಗೆ ನಾಲ್ಕು ದಿನ ರಜೆ ಬಂದಾಗ, ಬಾಷಾಗೆ ಎದೆನೋವು ಬಂತು. ಆಸ್ಪತ್ರೆಯಿಂದ ಮನೆಗೆ ಬಂದು ಮಲಗಿದ್ದ ಹೊತ್ತಿಗೆ ನಾನು ಪಾನಾ ಹಿಂದಿರುಗಿಸಲು ಹೋದೆ. ಅವನ ಹೆಂಡತಿ ಪಾನಾ ತೆಗೆದುಕೊಂಡಳು, ಪ್ಲಗ್ ಕೊಡಲಿಲ್ಲ. "ಕೊಡಬ್ಯಾಡ ಅಂದಾರಕ್ಕ. ಬೇಕಾದ್ರೆ ಅವರಣ್ಣನೇ ಬಂದು ಇಸ್ಕಂಡು ಹೋಗ್ಲಿ ಅಂತಾರೆ."

ಸಾಬರಿಗೆ ಹೇಳಿದೆ. ಎದೆನೋವಿನ ಸುದ್ದಿ ಅವರಿಗೆ ಅಲ್ಲಿಯತನಕ ಯಾರೂ ಮುಟ್ಟಿಸಿರಲಿಲ್ಲ. ಕೇಳಿ ಮಷಿನ್ನಿನ ಮೇಲೆ ಕೈಯಿಟ್ಟುಕೊಂಡು ನಿಂತರು. ಆಮೇಲೆ, "ನನ್ನ ಪ್ಲಗ್ಗು ನನಗೆ ಕೊಡಾಕೆ ಅವನದೇನು ದೌಲತ್ತು" ಎಂದು ಬೈದರು. ಮಾರನೇ ದಿನ ಬೆಳಿಗ್ಗೆ ನಾನು ಬಸ್ ಸ್ಟ್ಯಾಂಡಿಗೆ ಹೋದಾಗ, ಬಿಳಿ ಅಂಗಿ ತೊಟ್ಟು ಹರಿಹರದ ಬಸ್ಸಿನ ಕಿಟಕಿ ಪಕ್ಕ ಆಗಲೇ ಕೂತಿದ್ದರು. "ಕೂಡ್ರಿ ಟೀಚರಮ್ಮ, ನನಗೆ ಅವನ ಮನೆ ಗೊತ್ತಿಲ್ಲ" ಎಂದರು. ತಮ್ಮನ ಮನೆ ಗೊತ್ತಿಲ್ಲ ಎಂದು ಅಷ್ಟು ಗತ್ತಿನಿಂದ ಹೇಳಿದವರನ್ನು ನಾನು ಬೇರೆಲ್ಲೂ ನೋಡಿಲ್ಲ.

ಬಾಷಾ ಮಂಚದ ಮೇಲಿದ್ದ. ಅಣ್ಣನನ್ನು ಕಂಡು ಗೋಡೆಯ ಕಡೆ ತಿರುಗಿದ. ಸಾಬರು ಮಂಚದ ಅಂಚಿನಲ್ಲಿ ಕೂತರು. ಮನೆಯಲ್ಲಿ ಉರ್ದು ಆಡುವ ಜನ ಅವರು. ಅವತ್ತು ಮಾತ್ರ ಕನ್ನಡದಲ್ಲಿ ಶುರು ಮಾಡಿದರು. ನಾನೂ ಕೇಳಿಸಿಕೊಳ್ಳಲಿ ಎಂದಿರಬೇಕು.

"ಅವತ್ತು ನಾನು ಸ್ವಿಚ್ ಆರ್ಸಿರ್ಲಿಲ್ಲ. ಎಲ್ರ ಮುಂದೆ ಸುಳ್ಳು ಹೇಳ್ದೆ."

"ಗೊತ್ತೈತೆ" ಎಂದ ಬಾಷಾ, ಗೋಡೆಗೇ.

"ಹೆಂಗೆ ಗೊತ್ತು?"

"ಸ್ವಿಚ್ಚು ನನ್ನ ಮಗ್ಗುಲಾಗೇ ಇತ್ತಲ್ಲ ಭಾಯ್. ಆನ್ ಇರೋದು ನೋಡ್ದೆ. ನೀನು ದೊಡ್ಡೋನು, ಆರಿಸ್ತೀಯ ಅಂತ ಸುಮ್ನಿದ್ದೆ."

ಬಾಷಾ ನಿಧಾನಕ್ಕೆ ಈ ಕಡೆ ತಿರುಗಿದ. "ಇಷ್ಟು ಹೇಳಾಕೆ ಇಷ್ಟು ವರ್ಷ ಬೇಕಾತೇನು ನಿನಗೆ? ಬಸ್ಸಿಗೆ ಅರ್ಧ ತಾಸಿನ ದಾರಿ."

"ನಿನಗೂ ಅಷ್ಟೇ ದೂರ ಇತ್ತು" ಎಂದರು ಸಾಬರು.

ಅಳು ಬಂತು ನನಗೆ. ಇಷ್ಟು ವರ್ಷ ಹೊತ್ತ ಅದೇ ಪಾನಾದಿಂದ ಇಬ್ಬರಿಗೂ ಒಂದೊಂದು ಬಿಡಬೇಕೆಂದೂ ಅನ್ನಿಸಿತು. ಎರಡನ್ನೂ ಮಾಡದೆ ಶಾಲೆಗೆ ಹೋದೆ.

ಮುಂದಿನ ತಿಂಗಳು ಸಾಬರು ಮಷಿನ್ನನ್ನು ಗೂಡ್ಸ್ ಆಟೋಕ್ಕೆ ಹೇರಿಕೊಂಡು, ಬೀಬಿಜಾನರ ಜೊತೆ ಹರಿಹರಕ್ಕೇ ಹೋಗಿಬಿಟ್ಟರು. ಹೊರಡುವ ಮುಂಚೆ ನಮ್ಮ ಬಾಗಿಲಿಗೆ ಬಂದು, "ನಿಮ್ಮ ನೌಕರಿ ಹೋತು ಟೀಚರಮ್ಮ, ಬೇಜಾರು ಮಾಡ್ಕೋಬ್ಯಾಡ್ರಿ" ಎಂದರು. ಶಾಲೆ ಬಿಟ್ಟ ಮೇಲೆ ಆಗೊಮ್ಮೆ ಈಗೊಮ್ಮೆ ಅಲ್ಲಿಗೆ ಟೀ ಕುಡಿಯಲು ಹೋಗುತ್ತಿದ್ದೆ. ರಸ್ತೆಯ ತಿರುವಿನಲ್ಲೇ ಅವರ ಬೈದಾಟ ಕೇಳುತ್ತಿತ್ತು. ಬ್ಲೇಡ್ ಬಿಗಿ ಸಾಲದು ಎಂದು ಒಬ್ಬರು, ನಿನಗೇನು ತಿಳಿಯುತ್ತದೆ ಎಂದು ಇನ್ನೊಬ್ಬರು. ಸಾಬರು ನನ್ನನ್ನು ಕೂಡ್ರಿ ಎನ್ನುವುದನ್ನೂ ಮರೆತುಬಿಟ್ಟಿದ್ದರು. ಅಷ್ಟು ಖುಷಿಯಾಗಿ ಅವರನ್ನು ನಾನು ದಾವಣಗೆರೆಯಲ್ಲಿ ಒಂದು ದಿನವೂ ಕಂಡಿರಲಿಲ್ಲ.

ಎದೆನೋವು ಬಂದಿದ್ದು ತಮ್ಮನಿಗೆ, ಹೋದದ್ದು ಅಣ್ಣ. ಕಳೆದ ಬೇಸಿಗೆಯಲ್ಲಿ, ಮಧ್ಯಾಹ್ನ ಊಟ ಮಾಡಿ ಒರಗಿದವರು ಏಳಲಿಲ್ಲ. ಗಿರಾಕಿಗಳನ್ನು ಅಷ್ಟು ಕಾಯಿಸಿದ ಮನುಷ್ಯ ಇದೊಂದರಲ್ಲಿ ಯಾರನ್ನೂ ಕಾಯಿಸಲಿಲ್ಲ. ಸುದ್ದಿ ಕೇಳಿ ಹೋದಾಗ ಬಾಷಾ ಅಂಗಡಿಯ ಹೊಸ್ತಿಲಲ್ಲಿ ಒಬ್ಬನೇ ಕೂತಿದ್ದ. ನಾನೂ ಪಕ್ಕದಲ್ಲಿ ಕೂತೆ. ಅವನೇ ಮಾತು ತೆಗೆದ.

"ಒಂದು ವರ್ಷ ದಿನಾ ಜಗಳ ಆಡಿದ್ವಿ ಟೀಚರಮ್ಮ. ಭಾಳ ಚೆಂದಿತ್ತು."